‘ದಯವಿಟ್ಟು’ ತೆಗೆದು ಬರೆದ ಅರ್ಜಿ

ನಾನು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕುಣಬಿ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ಕೆಲಸ ಗೋವಾದ ಮಡಗಾಂವಿನಲ್ಲಿ. ಗೋವಾದ ಕುಣಬಿ, ಗಾವಡಾ, ವೇಳಿಪರು 2003ರಿಂದ ಪರಿಶಿಷ್ಟ ಪಂಗಡ. ನಮ್ಮ ಜೋಯಿಡಾದವರು ಅದೇ ಮಾನ್ಯತೆಗಾಗಿ ವರ್ಷಗಟ್ಟಲೆ ಬೀದಿಗಿಳಿದವರು. ಹಾಗಾಗಿ ಗೋವಾದ ಕೇಪೆ ತಾಲೂಕಿನ ನೆಂಟರು ಅರಣ್ಯ ಹಕ್ಕಿನ ಅರ್ಜಿ ಬರೆಯಲು ಕರೆದಾಗ ಇಲ್ಲ ಅನ್ನಲಾಗಲಿಲ್ಲ. ಜೊತೆಗೆ ಬಂದವನು ಧಾರವಾಡದ ಸಹೋದ್ಯೋಗಿ. ರಾತ್ರಿಯೆಲ್ಲ ಇಬ್ಬರೂ ಕನ್ನಡದಲ್ಲೇ ಕಾಯ್ದೆ ಬಿಡಿಸಿ ಓದಿದೆವು.

ಸಂವಿಧಾನದ ಐದನೇ ಅನುಸೂಚಿ ಬುಡಕಟ್ಟು ಪ್ರದೇಶಗಳಿಗೆ ವಿಶೇಷ ಆಡಳಿತ ಕೊಡುತ್ತದೆ, ಆದರೆ ಗೋವಾದಲ್ಲಿ ಅಂಥ ಪ್ರದೇಶವಿಲ್ಲ. ಆದ್ದರಿಂದ ಅಂಥ ಪ್ರದೇಶಗಳಿಗೆಂದೇ ಇರುವ 1996ರ ಪೆಸಾ ಕಾಯ್ದೆ ಕೊಡುವ ಗ್ರಾಮ ಸ್ವಯಂ ಆಡಳಿತ ಇಲ್ಲಿಗೆ ಬರುವುದಿಲ್ಲ. ಕೈಗೆ ಸಿಗುವುದು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ನೆಲದಲ್ಲಿದ್ದೇವೆ ಎಂದು ಕನಿಷ್ಠ ಎರಡು ಸಾಕ್ಷ್ಯ ಕೊಡಬೇಕು. ಹಿರಿಯರ ಹೇಳಿಕೆಯೂ ಸಾಕ್ಷ್ಯವೇ, ಆದರೆ ಅರ್ಜಿದಾರರೇ ಆ ಹಿರಿಯರಾಗಿರಬಾರದು. ನಾನು ಇಲ್ಲೇ ಎಡವಿದೆ. ಒಬ್ಬ ಅಜ್ಜನ ಅರ್ಜಿಗೆ ಅವರದೇ ಹೇಳಿಕೆ ಲಗತ್ತಿಸಿದ್ದೆ. ಅದು ವಾಪಸ್ ಬಂತು, ಮತ್ತೆ ಬರೆದೆವು.

ಆಮೇಲೆ ಭಾನುವಾರಗಳಂದು ಗಡಿ ನಡೆದೆವು. ಗಂಡಸರು ಗೇರುಮರ, ಕಾಡು ಕಡಿದು ಸುಟ್ಟು ಬೆಳೆಯುತ್ತಿದ್ದ ಹಳೇ ಕುಮೇರಿ ಜಾಗ, ಊರವರು ಆಚರಣೆಗೆ ಸೇರುವ ಪವಿತ್ರ ಜಾಗವಾದ ಮಾಂಡ್ ತೋರಿಸಿದರು. ಫೋನಿನಲ್ಲಿ ಗುರುತು ಹಾಕಿಕೊಂಡು ಕೆಲಸ ಮುಗಿಯಿತು ಅಂದುಕೊಂಡೆ. ಮರುವಾರ ಹೆಂಗಸರು ಬಂದರು. ಬೇಸಿಗೆಯಲ್ಲೂ ಬತ್ತದ ಝರಿ, ಸೌದೆಯ ದಾರಿ, ಔಷಧಿಯ ಬೇರು ಸಿಗುವ ಇಳಿಜಾರು, ಯಾವುದೂ ನಮ್ಮ ನಕ್ಷೆಯಲ್ಲಿರಲಿಲ್ಲ. ಒಬ್ಬೊಬ್ಬರ ತುಂಡು ಜಮೀನಿನ ಅರ್ಜಿ ಮಾತ್ರ ಸಾಲದು, ಇಡೀ ಊರಿನ ಸಾಮುದಾಯಿಕ ಹಕ್ಕಿನ ಅರ್ಜಿಯೂ ಬೇಕು ಅಂತ ಅವತ್ತು ಗೊತ್ತಾಯಿತು. ಅದಕ್ಕೆ ಬೇರೆ ನಮೂನೆಯೇ ಇದೆ. ಅದನ್ನು ಬಿಟ್ಟರೆ ಕಾಡಿನ ಮೇಲೆ ಊರಿಗೆ ಮಾತೇ ಉಳಿಯುವುದಿಲ್ಲ, ಅಲ್ವಾ?

ಠರಾವಿಗೆ ಗ್ರಾಮಸಭೆಯ ಅರ್ಧ ಸದಸ್ಯರಾದರೂ ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅವತ್ತು ಹೆಂಗಸರೇ ಜಾಸ್ತಿ ಇದ್ದರು. ನಾನು ಓದತೊಡಗಿದೆ: ‘ದಯವಿಟ್ಟು ನಮಗೆ ಕಾಡನ್ನು ಬಳಸಲು ಅನುಮತಿ ಕೊಡಬೇಕು...’

ಮುಂದೆ ಕೂತಿದ್ದ ಅಜ್ಜಿ ತಡೆದರು. “ಅನುಮತಿ ಯಾಕೆ ಮಗಾ? ಕಾಡು ನಮ್ಮದೇ ಅಂತ ನೀನೇ ಹೇಳಿದ್ದಲ್ಲ?”

ನಿಜ. ಕಾಯ್ದೆಯ ಪೀಠಿಕೆಯೇ ಹಿಂದೆ ಆದದ್ದನ್ನು ಚಾರಿತ್ರಿಕ ಅನ್ಯಾಯ ಎನ್ನುತ್ತದೆ. ಸರ್ಕಾರ ಹೊಸದಾಗಿ ಏನನ್ನೂ ದಾನ ಮಾಡುವುದಿಲ್ಲ, ಇರುವ ಹಕ್ಕನ್ನು ಗುರುತಿಸುತ್ತದೆ. ಆ ಸಾಲು ಹೊಡೆದು ಹಾಕಿ ಬರೆದೆ: ‘ಇವು ನಮ್ಮ ಹಕ್ಕುಗಳು. ಗುರುತಿಸಿ, ದಾಖಲಿಸಿ.’

ಅಜ್ಜಿ ಅದನ್ನು ಎರಡು ಸಲ ಓದಿಸಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು.