ಎರಡನೇ ಕಾಲದಿಂದ ಒಂದನೇ ಕಾಲಕ್ಕೆ: ನಮ್ಮ ಸ್ಕಾ ಬ್ಯಾಂಡ್ ಶೈಲಿ ಬದಲಿಸಿದ ಅನುಭವ

ಕಳೆದ ತಿಂಗಳು ಇಂಗ್ಲೆಂಡಿನ ಕವೆಂಟ್ರಿಯ ಒಂದು ಪಬ್ಬಿನ ಹಿಂಬದಿಯ ಹಾಲಿನಲ್ಲಿ ನಮ್ಮ ಬ್ಯಾಂಡ್ ಒಂದೂವರೆ ಗಂಟೆ ನುಡಿಸಿತು. ನಮ್ಮದು ಸ್ಕಾ, ಎಂದರೆ ಜಮೈಕಾದಲ್ಲಿ ಹುಟ್ಟಿದ ವೇಗದ ಕುಣಿತದ ಸಂಗೀತ. ಆದರೆ ಅಂದು ಮುಕ್ಕಾಲು ಗಂಟೆಗೂ ಮಿಕ್ಕಿ ನುಡಿಸಿದ್ದು ಬರೀ ರಾಕ್‌ಸ್ಟೆಡಿ, ಸ್ಕಾದಿಂದಲೇ ಹುಟ್ಟಿದ ನಿಧಾನದ ಶೈಲಿ. ಟಿಕೆಟ್ ಕೊಂಡು ಬಂದವರು ನೂರೈವತ್ತರ ಆಸುಪಾಸು. ನಡುವೆ ಹೊರಟು ಹೋದವರು ನನ್ನ ಕಣ್ಣಿಗೆ ಬಿದ್ದಂತೆ ನಾಲ್ಕೇ ಜನ. ನಾನು ನಿಲ್ಲುವ ಜಾಗದಿಂದ ಬಾಗಿಲು ನೇರವಾಗಿ ಕಾಣುತ್ತದೆ, ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. 2015ರಲ್ಲಿ ಇದೇ ಊರಿನಲ್ಲಿ ಇದೇ ಕೆಲಸಕ್ಕೆ ಕೈಹಾಕಿ ಹಾಲ್ ಖಾಲಿ ಮಾಡಿಸಿಕೊಂಡಿದ್ದೆವು. "ಸ್ಕಾ ಕೇಳುವವರು ಕಾಲಿನಿಂದ ಕೇಳುತ್ತಾರೆ, ನಿಧಾನ ಮಾಡಿದರೆ ಗ್ಲಾಸು ತುಂಬಿಸಿಕೊಳ್ಳಲು ಹೋಗುತ್ತಾರೆ" ಎಂದು ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಮೂವರು ಕಳೆದ ತಿಂಗಳು ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದರು. ಹಾಗಾಗಿ ಈಗ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ಮೈಸೂರಿನವನು. ಟ್ರಾಂಬೋನ್ ಕೈಗೆ ಕೊಟ್ಟವರು ನನ್ನ ಚಿಕ್ಕಪ್ಪ. ಮದುವೆ ಬ್ಯಾಂಡ್ ಸೆಟ್ಟಿನಲ್ಲಿ ಮೂವತ್ತು ವರ್ಷ ಊದಿದವರು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಕವೆಂಟ್ರಿ ಹತ್ತಿರದ ಲೆಮಿಂಗ್ಟನ್‌ನಲ್ಲಿ ನೆಲೆಸಿದ ಮೇಲೆ, 2009ರಲ್ಲಿ ಎಂಟು ಜನ ಸೇರಿ ಬ್ಯಾಂಡ್ ಕಟ್ಟಿದೆವು. ಡ್ರಮ್ಸ್, ಬೇಸ್, ಗಿಟಾರ್, ಆರ್ಗನ್, ಒಬ್ಬ ಗಾಯಕಿ, ಮೂರು ಹಿತ್ತಾಳೆ ವಾದ್ಯ. ನಿಮಿಷಕ್ಕೆ ನೂರ ಅರವತ್ತು, ನೂರ ಎಪ್ಪತ್ತು ಬೀಟ್‌ಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಇಲ್ಲಿನ ಕೇಳುಗರು ಸಾಮಾನ್ಯರಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. 1979ರಲ್ಲಿ ಸ್ಪೆಷಲ್ಸ್ ಎಂಬ ಸ್ಕಾ ತಂಡದ ಜೆರ್ರಿ ಡ್ಯಾಮರ್ಸ್ ಟೂ ಟೋನ್ ಎಂಬ ರೆಕಾರ್ಡ್ ಕಂಪನಿ ಶುರುಮಾಡಿದ ಊರು ಕವೆಂಟ್ರಿ. ಹದಿನೈದು ಹದಿನಾರರ ವಯಸ್ಸಿನಲ್ಲಿ ಸ್ಪೆಷಲ್ಸ್ ಕೇಳಿ ಬೆಳೆದವರು ಈಗ ಅರವತ್ತು ದಾಟಿ, ಆ ಕಂಪನಿಯ ಕಪ್ಪು ಬಿಳುಪು ಚೌಕಳಿಯ ಬ್ಯಾಡ್ಜ್ ಧರಿಸಿ ಬರುತ್ತಾರೆ. ಗಿಟಾರ್ ಎಲ್ಲಿ ಬೀಳಬೇಕೋ ಅಲ್ಲಿ ಬೀಳದಿದ್ದರೆ ಅವರ ಮುಖವೇ ಹೇಳುತ್ತದೆ.

ಬದಲಾವಣೆ ಏಕೆ ಬೇಕಾಯಿತು? ನಮ್ಮ ಡ್ರಮ್ಮರ್‌ಗೆ ಐವತ್ತು ದಾಟಿತ್ತು, ಮಣಿಕಟ್ಟು ನೋಯುತ್ತಿತ್ತು. ಅದು ಒಂದು ಕಾರಣ. ದೊಡ್ಡ ಕಾರಣ ನಾನೇ. 1966ರ ಹೊತ್ತಿಗೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸ್ಕಾದ ಓಟ ತಗ್ಗಿ ಬೇಸ್ ಮುಂದಕ್ಕೆ ಬಂದು ರಾಕ್‌ಸ್ಟೆಡಿ ಆಯಿತಲ್ಲ, ಆ ಕಾಲದ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ನನಗೆ ವೇಗದ ಮೇಲಿನ ಆಸೆಯೇ ಹೋಯಿತು. ಆ ಬದಲಾವಣೆಯಲ್ಲಿ ಪೆಟ್ಟು ತಿಂದವರು ಊದುವವರೇ. ಹಾಡುವ ತಂಡಗಳು ಮುಂದೆ ಬಂದವು, ಹಿತ್ತಾಳೆ ಹಿಂದೆ ಸರಿಯಿತು. ಆದರೂ ಅದನ್ನೇ ಹಟ ಹಿಡಿದು ತಂದವನು ಟ್ರಾಂಬೋನಿನವನು ಎಂಬುದನ್ನು ದಾಖಲಿಸಬೇಕು.

2015ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿದೆವು. ಹೊಸ ಹಾಡುಗಳು, ಮೂರರ ಬದಲು ಒಂದೇ ಹಿತ್ತಾಳೆ ವಾದ್ಯ, ಗಿಟಾರ್‌ನಲ್ಲಿ ಎಳೆದ ಸ್ವರಗುಚ್ಛ. ಏಳಿಂಚಿನ ರೆಕಾರ್ಡ್ ಮುನ್ನೂರು ಪ್ರತಿ ಒತ್ತಿಸಲು ಹೆಚ್ಚೂಕಡಿಮೆ ಸಾವಿರದ ಮುನ್ನೂರು ಪೌಂಡ್. ಸ್ಟುಡಿಯೋ ಎರಡು ದಿನಕ್ಕೆ ನಾನೂರು. ಟೀ ಶರ್ಟ್ ನೂರು, ಅದಕ್ಕೆ ಆರುನೂರರಷ್ಟು. ಪ್ರತಿ ಕಾರ್ಯಕ್ರಮಕ್ಕೂ ವ್ಯಾನ್ ಬಾಡಿಗೆ ಎಂಬತ್ತೋ ತೊಂಬತ್ತೋ. ಮೊದಲ ಕಾರ್ಯಕ್ರಮಕ್ಕೆ ನೂರ ನಲವತ್ತು ಜನ ಬಂದರು, ಅರ್ಧಕ್ಕೆ ಅರವತ್ತಾದರು. ಎರಡನೆಯದಕ್ಕೆ ಬಂದದ್ದೇ ಮೂವತ್ತೈದು. ಆ ರಾತ್ರಿ ಕೈಗೆ ಬಂದ ಹಣದಲ್ಲಿ ಡೀಸೆಲ್ ಕಳೆದು ಎಲ್ಲರಿಗೂ ಹಂಚಿದರೆ ತಲೆಗೆ ನಾಲ್ಕು ಪೌಂಡ್. ರೆಕಾರ್ಡ್ ಮಾರಾಟವಾದದ್ದು ಅರವತ್ತರಷ್ಟು. ಉಳಿದ ಡಬ್ಬಗಳು ನಮ್ಮ ಮನೆಯ ಮೆಟ್ಟಿಲ ಕೆಳಗೆ ಕೂತವು. "ರೀ, ಇವು ಇನ್ನೆಷ್ಟು ದಿನ ಇಲ್ಲೇ ಇರುತ್ತವೆ?" ಎಂದು ಹೆಂಡತಿ ಕೇಳಿದಾಗ ಹೇಳಲು ಉತ್ತರವಿರಲಿಲ್ಲ.

ಆದರೆ ಆ ಮೂವತ್ತೈದು ಜನರ ರಾತ್ರಿಯಲ್ಲಿಯೇ ನನಗೆ ಪಾಠ ಸಿಕ್ಕಿದ್ದು. ಪ್ರತಿ ಕಾರ್ಯಕ್ರಮಕ್ಕೂ ಬರುತ್ತಿದ್ದ ಒಬ್ಬ ಹಿರಿಯರಿದ್ದರು. ಹಳೆಯ ಹಸಿರು ಕೋಟಿನ ಎದೆಯ ತುಂಬ ಬ್ಯಾಡ್ಜುಗಳು. ಮೂರನೇ ಹಾಡಿಗೆ ಅವರು ಕುಣಿಯುವುದನ್ನು ನಿಲ್ಲಿಸಿದರು. ಸಿಟ್ಟಿಲ್ಲ. ಎಡಗಾಲಿನ ಹಿಮ್ಮಡಿ ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು. ಏನನ್ನೋ ಹುಡುಕಿ ಸಿಗದೆ ಮತ್ತೆ ಹುಡುಕುವ ಹಾಗೆ. ಆಮೇಲೆ ಅದೂ ನಿಂತಿತು. ಕೊನೆಯಲ್ಲಿ ನನ್ನ ಬಳಿ ಬಂದು, "ನಿಧಾನವಾದದ್ದಕ್ಕೆ ನನಗೇನೂ ಬೇಸರವಿಲ್ಲಪ್ಪ. ಇನ್ನಿಬ್ಬರು ಊದುವವರನ್ನು ಯಾಕೆ ಕಳುಹಿಸಿದಿರಿ? ಆ ಗಿಟಾರಿನ ಚುಕ್ ಚುಕ್ ಎಲ್ಲಿ ಹೋಯಿತು?" ಎಂದರು.

ನಾವು ವೇಗವನ್ನೇ ಅಪರಾಧಿ ಮಾಡಿ ಕೂತಿದ್ದೆವು. ಅವರು ಹೇಳಿದ್ದು ಬೇರೆಯೇ. ಮನೆಗೆ ಬಂದು, ಹಿಂದೆ ಹೀಗೆ ಶೈಲಿ ಬದಲಿಸಿದ ತಂಡಗಳ ಉದಾಹರಣೆಗಳನ್ನು ಹೊಸ ಕಣ್ಣಿನಿಂದ ನೋಡಿದೆ. ಫ್ಲಾರಿಡಾದ ಲೆಸ್ ದ್ಯಾನ್ ಜೇಕ್ ಎಂಬ ಸ್ಕಾ ತಂಡ 2006ರಲ್ಲಿ ಹಿತ್ತಾಳೆಯನ್ನು ಮೂಲೆಗೆ ತಳ್ಳಿ ಪಾಪ್ ರಾಕ್ ಕಡೆ ವಾಲಿದ ಆಲ್ಬಂ ತಂದಾಗ ಹಳೆಯ ಅಭಿಮಾನಿಗಳು ಮುನಿಸಿಕೊಂಡರು. 2008ರ ಮುಂದಿನ ಆಲ್ಬಂನಲ್ಲಿ ತಂಡ ಮತ್ತೆ ಸ್ಕಾ ಕಡೆ ತಿರುಗಿತು. ಆ ಬದಲಾವಣೆಯಲ್ಲಿ ವೇಗ ಹೋಗಿರಲಿಲ್ಲ, ತುತ್ತೂರಿ ಹೋಗಿತ್ತು. ಇನ್ನೊಂದು ಕಡೆ ಸ್ಪೆಷಲ್ಸ್ ನೋಡಿ. 1980ರ ಎರಡನೇ ಆಲ್ಬಂನಲ್ಲಿಯೇ ಹೋಟೆಲ್ ಲಾಬಿಯ ಸಂಗೀತದಂತಹ ದಾರಿ ಹಿಡಿದರು, ತಂಡದೊಳಗೇ ಜಗಳವಾಯಿತು. ಮರುವರ್ಷ ಬಂದ 'ಘೋಸ್ಟ್ ಟೌನ್' ಅವರ ಮೊದಲ ಹಾಡುಗಳ ಓಟಕ್ಕೆ ಹೋಲಿಸಿದರೆ ತೆವಳುತ್ತದೆ. ಆದರೂ 1981ರ ಜುಲೈನಲ್ಲಿ ಮೂರು ವಾರ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ನಿರುದ್ಯೋಗ, ಗಲಭೆಗಳ ಆ ಬೇಸಿಗೆಯೇ ಅದನ್ನು ಎತ್ತಿ ಹಿಡಿಯಿತು, ನಿಜ. ಆದರೆ ಕಿವಿಗೊಟ್ಟು ಕೇಳಿ: ಆರ್ಗನ್ ಎದುರೇಟಿನಲ್ಲಿ, ಅಂದರೆ ಎರಡು ಬೀಟ್‌ಗಳ ನಡುವೆ, ಬೀಳುತ್ತಲೇ ಇದೆ, ರಿಕೋ ರಾಡ್ರಿಗೆಜ್ ಅವರ ಟ್ರಾಂಬೋನ್ ನಡುವೆ ಅಳುತ್ತಲೇ ಇದೆ. ಕಾಲಿಗೆ ಬೇಕಾದ ಗುರುತುಗಳನ್ನು ಒಂದೂ ಬಿಟ್ಟಿಲ್ಲ. ಅದನ್ನು ಧ್ವನಿಮುದ್ರಿಸಿದ್ದು ನಮ್ಮ ಲೆಮಿಂಗ್ಟನ್‌ನ ವುಡ್‌ಬೈನ್ ಬೀದಿಯ ಪುಟ್ಟ ಸ್ಟುಡಿಯೋದಲ್ಲಿ. ನಾನು ದಿನಸಿಗೆ ಹೋಗುವಾಗ ಆ ಬೀದಿಯನ್ನೇ ಬಳಸಿ ಹೋಗುತ್ತೇನೆ.

ಹಿತ್ತಾಳೆ ಮೂರಕ್ಕೆ ಮೂರೂ ವಾಪಸು ಬಂತು. ಗಿಟಾರ್ ಚುಕ್ ಚುಕ್ಕೂ ಬಂತು. ಅಷ್ಟರಿಂದಲೇ ಕೆಲಸವಾಗಲಿಲ್ಲ. 2017ರಲ್ಲಿ ನಾನು ಮಾಡಿದ ಉಪಾಯ ಎಂದರೆ ಹಳೆಯ ಹಾಡುಗಳ ವೇಗವನ್ನು ತಿಂಗಳಿಗೆ ಐದೈದು ಬೀಟ್‌ನಂತೆ ಸದ್ದಿಲ್ಲದೆ ಕದಿಯುವುದು. ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ನೂರ ನಲವತ್ತರವರೆಗೆ ನಿಜಕ್ಕೂ ತಿಳಿಯಲಿಲ್ಲ. ಆಮೇಲೆ ಹಾಡುಗಳು ಗಾಳಿ ಹೋದ ಟೈರಿನ ಹಾಗೆ ಉರುಳಿದವು. ನೂರ ಅರವತ್ತಕ್ಕೆಂದು ಬರೆದ ಸಾಲನ್ನು ನೂರ ಇಪ್ಪತ್ತೈದರಲ್ಲಿ ಊದಿದರೆ ಉಸಿರು ಮುಗಿಯುತ್ತದೆ, ಸಾಲು ಮುಗಿಯುವುದಿಲ್ಲ. ಜನ ಹೊರಗೆ ಹೋಗಲಿಲ್ಲ, ಮಾತಾಡತೊಡಗಿದರು. ಹೊರಗೆ ಹೋಗುವುದಕ್ಕಿಂತ ಅದು ಕೆಟ್ಟದ್ದು. ನಮ್ಮ ಸ್ಯಾಕ್ಸೊಫೋನ್ ವಾದಕ ಆ ಚಳಿಗಾಲದಲ್ಲಿ ಬಿಟ್ಟುಹೋದ. ಅವನ ಜಾಗಕ್ಕೆ ಬಂದವರಿಗೆ ಕಾರ್ಯಕ್ರಮಕ್ಕೆ ನಲವತ್ತು ಪೌಂಡ್ ಕೊಡಬೇಕಾಯಿತು. ನಾವೇ ಅಷ್ಟು ಪಡೆಯುತ್ತಿರಲಿಲ್ಲ.

2018ರ ಕೊನೆಯಲ್ಲಿ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಹಳೆಯ ಸೆಟ್ಟಿನವರು ನಮ್ಮ ನೆಂಟರ ಮನೆಯ ಮೆರವಣಿಗೆಗೆ ಬಂದಿದ್ದರು. ಒಂದು ಸಿನಿಮಾ ಹಾಡಿನಿಂದ ಇನ್ನೊಂದಕ್ಕೆ, ಅದರಿಂದ ದೇವರನಾಮಕ್ಕೆ, ಮತ್ತೆ ಸಿನಿಮಾಕ್ಕೆ ಜಾರುತ್ತಿದ್ದರು. ಕುಣಿಯುವ ಹುಡುಗರಲ್ಲಿ ಒಬ್ಬನೂ ನಿಲ್ಲಲಿಲ್ಲ. ಚಿಕ್ಕಪ್ಪನನ್ನು ಕೇಳಿದೆ. "ಹಾಡು ಬದಲಾದರೆ ಯಾರೂ ಕೇಳುವುದಿಲ್ಲ ಕಣೋ, ಡ್ರಮ್ ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಪಕ್ಕದ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಒಂದು ಮಗು ಸರಳೆವರಸೆ ಶುರುಮಾಡಿತು. ಒಂದನೇ ಕಾಲ, ಅದರ ದುಪ್ಪಟ್ಟು ವೇಗದ ಎರಡನೇ ಕಾಲ, ಮತ್ತೆ ಒಂದನೇ ಕಾಲ. ತಾಳ ಹಾಕುವ ಕೈ ಬದಲಾಗುವುದೇ ಇಲ್ಲ! ಚಿಕ್ಕಂದಿನಲ್ಲಿ ನಾನೂ ಹಾಡಿದವನೇ.

ವಿಧಾನ ಇಷ್ಟೇ. ವೇಗವನ್ನು ಕದಿಯಬೇಡಿ, ಅರ್ಧಕ್ಕೆ ಬೀಳಿಸಿ. ನೂರ ಅರವತ್ತರ ಸ್ಕಾ ಹಾಡಿನ ಕೊನೆಯಲ್ಲಿ ನಿಲ್ಲಿಸದೆ ಡ್ರಮ್ಸ್ ಮತ್ತು ಬೇಸ್ ಎಂಬತ್ತಕ್ಕೆ ಇಳಿಯುತ್ತವೆ. ಎಂಬತ್ತು ಎಂದರೆ ರಾಕ್‌ಸ್ಟೆಡಿಯ ಮನೆಯಂಗಳ. ಗಿಟಾರ್ ಅವರೊಂದಿಗೇ ಇಳಿಯುತ್ತದೆ. ಆರ್ಗನ್ ಮಾತ್ರ ಹಳೆಯ ನೂರ ಅರವತ್ತರ ಎದುರೇಟನ್ನು ಬಿಡುವುದಿಲ್ಲ. ಕುಣಿಯುವವನ ಕಾಲು ಆರ್ಗನ್ನನ್ನು ಹಿಡಿದುಕೊಂಡಿರುತ್ತದೆ, ಸೊಂಟ ನಿಧಾನವಾಗಿ ಬೇಸ್‌ಗೆ ಒಗ್ಗುತ್ತದೆ. ಹದಿನಾರು ಆವರ್ತ ಆದ ಮೇಲೆ ಆರ್ಗನ್ ತೆಳುವಾಗುತ್ತದೆ; ಅಷ್ಟರಲ್ಲಿ ಕಾಲೂ ಇಳಿದಿರುತ್ತದೆ. ಈ ಇಳಿಯುವ ಜಾಗದಲ್ಲಿ ಹಿತ್ತಾಳೆ ಮೂರೂ ಒಟ್ಟಿಗೆ ಇರಲೇಬೇಕು, ಅದೂ ಹಿಂದಿನ ಹಾಡಿನ ಸಾಲನ್ನೇ ಊದುತ್ತ. ಇಳಿಯುವ ಮುಂಚಿನ ನಾಲ್ಕು ಬೀಟ್‌ಗಳಲ್ಲಿ ನಮ್ಮ ಡ್ರಮ್ಮರ್ ಮಾಡುವ ಒಂದು ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಂಡುಹಿಡಿಯಲು ಅವನಿಗೆ ಎಂಟು ತಿಂಗಳು ಹಿಡಿದಿದೆ, ಅದು ಅವನ ಆಸ್ತಿ. ಯಾವ ಹಾಡಿನ ಬೆನ್ನಿಗೆ ಯಾವುದನ್ನು ಕಟ್ಟುತ್ತೇವೆ ಎಂಬ ಪಟ್ಟಿಯೂ ನನ್ನ ಜೇಬಿನಲ್ಲೇ ಇರಲಿ.

ಇನ್ನೊಂದು ವಿಷಯವನ್ನು ಮೊದಲೇ ಯಾರಾದರೂ ಹೇಳಿದ್ದರೆ ನೂರಾರು ಪೌಂಡ್ ಉಳಿಯುತ್ತಿತ್ತು. ಪಬ್ಬಿನ ಸ್ಪೀಕರ್‌ನಲ್ಲಿ ಬೇಸ್ ಇರುವುದಿಲ್ಲ. ವೇಗದ ಸ್ಕಾದಲ್ಲಿ ಆ ಕೊರತೆ ಮುಚ್ಚಿಹೋಗುತ್ತದೆ, ರಾಕ್‌ಸ್ಟೆಡಿಯಲ್ಲಿ ಬೇಸ್ ಕೇಳದಿದ್ದರೆ ಹಾಡೇ ಇಲ್ಲ. ಮುನ್ನೂರೈವತ್ತು ಕೊಟ್ಟು ಹದಿನೆಂಟು ಇಂಚಿನ ಹಳೆಯ ಬೇಸ್ ಬಿನ್ (ಬೇಸ್‌ಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ಒಂದನ್ನು ಕೊಂಡೆವು. ಜೊತೆಗೆ ರಾಕ್‌ಸ್ಟೆಡಿ ಕಾಲದ ಗಿಟಾರ್ ವಾದಕ ಲಿನ್ ಟೇಟ್ ಮಾಡುತ್ತಿದ್ದಂತೆ ಗಿಟಾರ್‌ನಲ್ಲಿ ಅಂಗೈಯಿಂದ ತಂತಿ ಅದುಮಿ ಬೇಸ್ ಸಾಲನ್ನೇ ನುಡಿಸಿದೆವು. ಕೆಟ್ಟ ಸ್ಪೀಕರ್‌ನಲ್ಲೂ ಸಾಲು ಎದ್ದು ಕೇಳುತ್ತದೆ.

ಅಡ್ಡದಾರಿಯ ಪ್ರಯೋಗಗಳೂ ನಡೆದವು. ಹಂಸಧ್ವನಿಯಲ್ಲಿ ಹಿತ್ತಾಳೆಗೆ ಒಂದು ಸಾಲು ಕಟ್ಟಿದೆ. ಜಾಹೀರಾತಿನ ರಾಗದಂತೆ ಕೇಳಿಸಿತು, ಎರಡೇ ಕಾರ್ಯಕ್ರಮಕ್ಕೆ ಬಿಟ್ಟೆವು. ಆದರೆ ಕೀರವಾಣಿ! ಅದರ ಸ್ವರಗಳು ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್ ಎಂಬ ಸ್ವರಶ್ರೇಣಿಯವೇ ಆದ್ದರಿಂದ ತಂಡದವರಿಗೆ ಕಲಿಸುವ ಕಷ್ಟವೇ ಇರಲಿಲ್ಲ, ಹಳೆಯ ಜಮೈಕಾದ ಮೈನರ್ ಸಾಲುಗಳ ಜೊತೆ ಹಾಲು ಜೇನಿನ ಹಾಗೆ ಬೆರೆಯಿತು. ಪಂಚಮದಲ್ಲಿ ನಿಂತು ಸ್ಲೈಡ್ ಎಳೆದು ಧೈವತಕ್ಕೆ ಮುಟ್ಟಿಸುವ ಒಂದು ಗಮಕವನ್ನು ಹಾಕಿದೆ. ಆ ಬ್ಯಾಡ್ಜುಗಳ ಹಿರಿಯರು, ಅದರಲ್ಲಿ ಡಾನ್ ಡ್ರಮಂಡ್ ಕೇಳಿಸಿತು ಎಂದರು. ಜಮೈಕಾದ ಹಳೆಯ ಸ್ಕಾ ತಂಡ ಸ್ಕಾಟಲೈಟ್ಸ್‌ನ ಟ್ರಾಂಬೋನ್ ವಾದಕನ ಹೆಸರು ನನ್ನ ಊದುವಿಕೆಗೆ ಅಂಟಿದ ದಿನವದು, ಅದನ್ನು ಬಚ್ಚಿಡುವುದಿಲ್ಲ.

2019ರಲ್ಲಿ ವಿಧಾನ ಕೈಗೆ ಹತ್ತುವಷ್ಟರಲ್ಲಿ ಕೊರೊನಾ ಬಂತು, ಎರಡು ವರ್ಷ ಹೋಯಿತು. 2022ರಲ್ಲಿ ಮತ್ತೆ ಶುರುಮಾಡಿದಾಗ ಎರಡು ರಾಕ್‌ಸ್ಟೆಡಿ ಹಾಡು, ಆರು ತಿಂಗಳ ನಂತರ ನಾಲ್ಕು, ಈಗ ಒಂಬತ್ತು. 2022ರ ಡಿಸೆಂಬರ್‌ನಲ್ಲಿ ಸ್ಪೆಷಲ್ಸ್‌ನ ಗಾಯಕ ಟೆರ್ರಿ ಹಾಲ್ ತೀರಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ನಾವು ಕವೆಂಟ್ರಿಯಲ್ಲಿ ನುಡಿಸಿದಾಗ ಜನ ತಾವಾಗಿಯೇ ನಿಧಾನದ ಹಾಡುಗಳನ್ನು ಕೇಳಿ ಹಾಡಿಸಿಕೊಂಡರು, ಕೆಲವರು ಅತ್ತರು. ಆ ರಾತ್ರಿಯನ್ನು ನನ್ನ ವಿಧಾನದ ಲೆಕ್ಕಕ್ಕೆ ಸೇರಿಸಿಲ್ಲ. ಅದು ಅವರ ದುಃಖದ ರಾತ್ರಿ.

ಹಣದ ಮಾತು. ಈಗ ಒಂದು ಕಾರ್ಯಕ್ರಮಕ್ಕೆ ಆರುನೂರರಿಂದ ಏಳುನೂರು ಪೌಂಡ್ ಬರುತ್ತದೆ. ವ್ಯಾನು, ಡೀಸೆಲ್ ಕಳೆದು ತಲೆಗೆ ಐವತ್ತು ಅರವತ್ತು. 2015ರ ನಷ್ಟ ಹೋದ ವರ್ಷ ತೀರಿತು. ಬಿಟ್ಟುಹೋಗಿದ್ದ ಸ್ಯಾಕ್ಸೊಫೋನ್ ವಾದಕ ಮರಳಿ ಬಂದಿದ್ದಾನೆ, ಸಂಬಳವಿಲ್ಲದೆ. ನಮ್ಮನ್ನು ಪಕ್ಕಕ್ಕಿಟ್ಟಿದ್ದ ಒಂದು ಹಾಲ್‌ನವರು ಈಗ ದಿನಾಂಕ ಕೇಳಿ ತಾವೇ ಫೋನ್ ಮಾಡುತ್ತಾರೆ. ಮೆಟ್ಟಿಲ ಕೆಳಗೆ ಈಗ ಮೂವತ್ತೊಂದು ರೆಕಾರ್ಡ್ ಉಳಿದಿವೆ. ಅಂದು ಐದು ಪೌಂಡಿಗೂ ಯಾರೂ ಮುಟ್ಟದಿದ್ದುದನ್ನು ಇಂದು ಎಂಟಕ್ಕೆ ಮಾರುತ್ತಿದ್ದೇನೆ, ಮರುಮುದ್ರಣ ಮಾಡುವುದಿಲ್ಲ.