ಚಿತ್ರದಾಗಿನ ಬಣವಿ ಏನ್ ಹೇಳತೈತಿ? ಮೊದ್ಲ ನೆರಳು ನೋಡ್ರಿ

ನಿಸರ್ಗಚಿತ್ರ ಕಂಡ್ರ ನಮ್ಮ ವಿಜಯಪುರ ಕಡೆ ಮಂದಿ "ಮಸ್ತ್ ಐತಿ, ಥೇಟ್ ಫೋಟೋ ಇದ್ದಂಗ ಐತಿ ನೋಡ" ಅಂದು ಮುಂದ ಹೋಗಿಬಿಡ್ತಾರ. ನಾನೂ ಹಂಗ ಇದ್ದೆ, ಈಗ ಒಂದು ಚಟ ಬಿದ್ದೈತಿ, ಚಿತ್ರ ಕಂಡ ಕೂಡ್ಲೆ ಮೊದ್ಲ ನೆರಳು ಎತ್ತಾಗ ಬಿದ್ದೈತಿ ಅಂತ ಹುಡುಕೂದು.

ಮೊನೆ ಅನ್ನೋ ಫ್ರೆಂಚ್ ಪೇಂಟರ್ 1890-91ರಾಗ ಮನಿ ಹತ್ರದ ಹೊಲದಾಗಿನ ಬಣವಿಗಳನ್ನ ಸುಮಾರು 25 ಚಿತ್ರದಾಗ ಬರದಾನ. ಅವ ಬಣವಿ, ಆದ್ರ ಹೊತ್ತು ಬ್ಯಾರೆ, ಹವಾ ಬ್ಯಾರೆ. ಫೋನಿನ್ಯಾಗ ಎರಡು ಚಿತ್ರ ಬಾಜೂಕ ಬಾಜೂಕ ಇಟ್ಟು ನೋಡ್ರಿ, ಬೇಸಿಗಿ ಮುಗಿಯೂ ಹೊತ್ತಿನದ್ದು ಬೆಚ್ಚಗ ಅನಸ್ತೈತಿ, ಹಿಮ ಬಿದ್ದಾಗಿಂದ್ರಾಗ ನೆರಳು ನೀಲಿಗಟ್ಟಿ ಚಾದರ ಹೊತ್ಕೋಬೇಕನಸ್ತೈತಿ. ಮೂಡ್ ಅಂದ್ರ ಇದ, ಬಣವಿ ಮಾರಿ ಮಾಡೂದಿಲ್ಲ, ಬೆಳಕು ಮಾಡ್ತೈತಿ.

ಅರ್ಥ ಬೇಕಂದ್ರ ಆ ವಸ್ತು ಅಲ್ಲಿ ಮಂದಿಗೆ ಏನು ಅಂತ ಕೇಳ್ಕೋಬೇಕು. ನಮಗ ಬಣವಿ ಅಂದ್ರ ಜ್ವಾಳದ ಕಣಕಿ, ದನದ ಮೇವು. ಅವನ ಬಣವಿ ಹಂಗಲ್ರಿ, ತೆನಿ ಸಮೇತ ಒಟ್ಟಿದ ಗೋದಿ, ಇನ್ನೂ ರಾಶಿ ಮಾಡಿಲ್ಲ. ಅಂದ್ರ ಒಳಗಿರೂದು ವರ್ಷದ ಕಾಳು! ಇದು ಗೊತ್ತಾದ ಮ್ಯಾಲ ಹಿಮದಾಗ ಒಂಟಿ ನಿಂತ ಬಣವಿ ನೋಡಿ "ಪಾಪ" ಅನ್ನಾಕ ಮನಸಾಗೂದಿಲ್ಲ.

ಆಮ್ಯಾಲ ಆಕಾಶ ಭೂಮಿ ಕೂಡೂ ಗೆರಿ ಎಲ್ಲೈತಿ ನೋಡ್ರಿ. ನಂಬಿಕಿ ಇಲ್ಲಂದ್ರ ನಮ್ಮ ಡೋಣಿ ಹೊಳಿ ಸಾಲಿನ ಎರಿ ಹೊಲದಾಗ ನಿಂತು ಎರಡು ಫೋಟೋ ತಗೀರಿ, ಒಂದ್ರಾಗ ಮುಕ್ಕಾಲು ಆಕಾಶ, ಇನ್ನೊಂದ್ರಾಗ ಮುಕ್ಕಾಲು ನೆಲ. ಮೊದಲನೇದ್ರಾಗ ಉಸಿರು ಬಿಟ್ಟಂಗ ಆಕ್ಕೈತಿ, ಎರಡನೇದ್ರಾಗ ಬಿರುಕು, ಹೆಂಟಿ ಎಲ್ಲಾ ಮೈಮ್ಯಾಲ ಬಂದಂಗ. ಬಣ್ಣದ ಬಗ್ಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ, ಕೆಂಪಂದ್ರ ಸಿಟ್ಟು ಅನ್ನೋ ಲೆಕ್ಕ ಬಾದಾಮಿ ಗುಡ್ಡದ ಮುಂದ ನಡಿಯೂದಿಲ್ಲ.

ಚಿನ್ಹೆ ಓದೂದ್ರಾಗ ಮಾತ್ರ ಅವಸರ ಬ್ಯಾಡ. ವ್ಯಾನ್ ಗೋ ಅನ್ನೋ ಡಚ್ ಪೇಂಟರ್ 1890ರ ಜುಲೈದಾಗ ಗೋದಿ ಹೊಲದ ಮ್ಯಾಲ ಕಾಗಿ ಹಾರೂ ಚಿತ್ರ ಬರದ, ಅದ ತಿಂಗಳು ಸತ್ತ, ಅದಕ್ಕ ಎಲ್ಲಾರೂ ಕಾಗಿ ಅಂದ್ರ ಸಾವು ಅಂತಾರ (ನಮಗಂತೂ ಪಿಂಡನ ಮೊದ್ಲ ನೆನಪಾಗೂದು). ಆದ್ರ ಆ ದಿನದಾಗ ಬರದ ಬಯಲಿನ ಚಿತ್ರಗಳ ಬಗ್ಗೆ ತಮ್ಮನ ಮನಿಗೆ ಹಾಕಿದ ಪತ್ರದಾಗ ಅಂವ ದುಃಖ, ಒಂಟಿತನ ಅಂದದ್ದೂ ಖರೆ, ಹಳ್ಳಿ ಬಯಲು ಜೀವಕ್ಕ ಶಕ್ತಿ ಕೊಡ್ತೈತಿ ಅಂದದ್ದೂ ಖರೆ. ಹಿಂಗಾಗಿ ಕಾಗಿ ಒಂದೀಟು ಬದಿಗಿಟ್ಟು ನಡುವಿನ ದಾರಿ ನೋಡ್ರಿ, ಹೊಲದಾಗ ಹೊಕ್ಕು ತಿರುಗಿ ಅಲ್ಲೇ ಎಲ್ಲೋ ಗೋದಿಯೊಳಗ ಮಾಯ ಆಗೈತಿ. ನನಗ ಕಾಗಿಗಿಂತ ಅದ ಹೆಚ್ಚು ಕಾಡ್ತೈತಿ.