ಬೋರ್‌ಹೋಲ್ ಲಾಗಿಂಗ್: ಯಾವ ಪ್ರೋಬ್ ಮೊದಲು, ಯಾವುದು ಆಮೇಲೆ

ಕೊರೆಯುವಾಗ ಮೇಲೆ ಬರುವ ಪುಡಿ ದಾರಿಯಲ್ಲೇ ಬೇರೆ ಪದರಗಳ ಮಣ್ಣಿನೊಂದಿಗೆ ಬೆರೆತಿರುತ್ತದೆ. ಯಾವ ಆಳದಲ್ಲಿ ಏನಿದೆ ಎಂದು ಖಚಿತವಾಗಿ ತಿಳಿಯಬೇಕಾದರೆ ಪ್ರೋಬ್, ಅಂದರೆ ಕೇಬಲ್‌ಗೆ ಕಟ್ಟಿದ ಅಳತೆಯ ಉಪಕರಣ, ಇಳಿಸಬೇಕು. ಅದರ ಅಳತೆಯನ್ನು ಆಳದ ಪ್ರಕಾರ ಗೆರೆಯಾಗಿ ದಾಖಲಿಸುವುದೇ ಲಾಗಿಂಗ್.

ಮೊದಲು ಆಳದ ಸೊನ್ನೆ ಗೊತ್ತುಮಾಡಿ. ನೆಲಮಟ್ಟವೋ ಕೇಸಿಂಗ್ (ರಂಧ್ರದ ಗೋಡೆಗೆ ಆಸರೆಯಾಗಿ ಇಳಿಸುವ ಕೊಳವೆ) ಬಾಯಿಯೋ, ಒಂದನ್ನು ಹಿಡಿಯಿರಿ. ಎರಡರ ನಡುವಿನ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಸೆನ್ಸರ್ ಇರುವುದು ಪ್ರೋಬಿನ ತುದಿಯಲ್ಲಲ್ಲ, ಆ ಅಂತರವನ್ನೂ ಲೆಕ್ಕಕ್ಕೆ ಸೇರಿಸಿ. ಪ್ರೋಬ್ ಮೇಲೆ ಬಂದಾಗ ಮೀಟರ್ ಸೊನ್ನೆ ತೋರಿಸದಿದ್ದರೆ, ಕೆಸರು ಮೆತ್ತಿದ ಕೇಬಲ್ ಅಳತೆ ಚಕ್ರದ ಮೇಲೆ ಜಾರಿರುವ ಸಾಧ್ಯತೆಯೇ ಹೆಚ್ಚು. ಒರೆಸಿ, ಮತ್ತೆ ಓಡಿಸಿ.

ನೀರಿನ ತಾಪಮಾನ ಮತ್ತು ವಾಹಕತೆಯ ಪ್ರೋಬ್ ಎಲ್ಲಕ್ಕಿಂತ ಮೊದಲು, ಅದೂ ಇಳಿಯುವಾಗಲೇ ಅಳೆಯಬೇಕು. ಬೇರೆ ಪ್ರೋಬ್ ಒಮ್ಮೆ ಹೋಗಿಬಂದರೆ ನೀರು ಕಲಕಿಹೋಗುತ್ತದೆ. ಗಾಮಾ (ಪದರಗಳ ಸಹಜ ವಿಕಿರಣದ ಎಣಿಕೆ), ರೆಸಿಸ್ಟಿವಿಟಿ (ವಿದ್ಯುತ್ತಿಗೆ ಪದರ ಒಡ್ಡುವ ತಡೆ) ಲಾಗ್‌ಗಳನ್ನು ಮೇಲೆತ್ತುವಾಗ ತೆಗೆಯಿರಿ. ಕೇಬಲ್ ಬಿಗಿಯಾಗಿರುವುದರಿಂದ ಆಳ ತಪ್ಪುವುದಿಲ್ಲ. ರಂಧ್ರದ ಅಗಲ ಅಳೆಯುವ ಕ್ಯಾಲಿಪರ್ ತೋಳು ಮಡಚಿಕೊಂಡು ಇಳಿಯುತ್ತದೆ, ತಳದಲ್ಲಿ ಬಿಚ್ಚಿ ಏರುತ್ತದೆ. ಗೋಡೆ ಗಟ್ಟಿಯಾಗಿದೆ ಎಂದು ಅದು ತೋರಿಸಿದ ಮೇಲಷ್ಟೇ ವಿಕಿರಣ ಮೂಲವಿರುವ ಪ್ರೋಬ್ ಇಳಿಸಿ. ಅದು ಒಳಗೆ ಸಿಕ್ಕಿಕೊಂಡರೆ ನಷ್ಟ ಉಪಕರಣದ್ದಷ್ಟೇ ಅಲ್ಲ, ಅಂತರ್ಜಲಕ್ಕೂ ಅಪಾಯ.

ಗಾಮಾ ಒಣ ರಂಧ್ರದಲ್ಲೂ, ಕೇಸಿಂಗ್ ಒಳಗೂ ನಡೆಯುತ್ತದೆ. ಉಕ್ಕಿನ ಕೇಸಿಂಗ್‌ನಲ್ಲಿ ಎಣಿಕೆ ತಗ್ಗುತ್ತದೆ, ಅಷ್ಟೆ. ವೇಗ ನಿಮಿಷಕ್ಕೆ 3ರಿಂದ 5 ಮೀಟರ್ ಸಾಕು. ಅವಸರ ಮಾಡಿದರೆ ಪ್ರತಿ ಆಳದಲ್ಲೂ ಎಣಿಕೆ ಕಡಿಮೆಯಾಗಿ ತೆಳು ಪದರಗಳು ಕಾಣದೇ ಹೋಗುತ್ತವೆ. ರೆಸಿಸ್ಟಿವಿಟಿಗೆ ಮಾತ್ರ ಕೇಸಿಂಗ್ ಇಲ್ಲದ, ನೀರು ತುಂಬಿದ ರಂಧ್ರವೇ ಬೇಕು. ಪಿವಿಸಿ ಕೇಸಿಂಗ್ ಇಳಿಸಿಯಾಗಿದ್ದರೆ, ಪದರವನ್ನು ಮುಟ್ಟದೆ ಕಾಂತಕ್ಷೇತ್ರದ ಮೂಲಕ ಅಳೆಯುವ ಇಂಡಕ್ಷನ್ ಪ್ರೋಬ್ ಬಳಸಿ.

ಒಂದೇ ಗೆರೆ ನೋಡಿ ತೀರ್ಮಾನಕ್ಕೆ ಬರಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಗಾಮಾ ಏರಿತೆಂದು ಜೇಡಿಮಣ್ಣು ಎಂದು ಬರೆದುಬಿಡುತ್ತಾರೆ, ಆದರೆ ಪೊಟ್ಯಾಸಿಯಂ ಇರುವ ಗ್ರಾನೈಟ್ ಕೂಡ ಹಾಗೇ ಏರಿಸುತ್ತದೆ. ಪಕ್ಕದ ರೆಸಿಸ್ಟಿವಿಟಿ ನೋಡಿ: ಜೇಡಿಯಲ್ಲಿ ಅದು ಇಳಿದಿರುತ್ತದೆ, ಗಟ್ಟಿ ಗ್ರಾನೈಟ್‌ನಲ್ಲಿ ಏರಿರುತ್ತದೆ. ಗಾಮಾ, ರೆಸಿಸ್ಟಿವಿಟಿ ಎರಡೂ ಇಳಿದಿದ್ದರೆ ಉಪ್ಪುನೀರು ಹಿಡಿದ ಮರಳಿರಬಹುದು. ಬಂಡೆಯಲ್ಲಿ ರೆಸಿಸ್ಟಿವಿಟಿ ಥಟ್ಟನೆ ಕುಸಿದು, ಅದೇ ಆಳದಲ್ಲಿ ಕ್ಯಾಲಿಪರ್ ಅಗಲವಾಗಿ, ತಾಪಮಾನದ ಗೆರೆಯೂ ತಿರುಗಿದ್ದರೆ ಅಲ್ಲಿ ನೀರು ಹರಿಯುವ ಬಿರುಕು ಇರುವ ಸಂಭವ ಹೆಚ್ಚು. ನೀರಿನ ಹರಿವು ಅಳೆಯುವ ಫ್ಲೋಮೀಟರ್ ಇಳಿಸಿ ಖಾತ್ರಿ ಮಾಡಿಕೊಳ್ಳಿ.

ಸಾಮಾನು ಕಟ್ಟುವ ಮುನ್ನ 15 ಮೀಟರ್ ಉದ್ದದ ಭಾಗವೊಂದನ್ನು ಮತ್ತೊಮ್ಮೆ ಲಾಗ್ ಮಾಡಿ, ಹಳೆಯ ಗೆರೆಯ ಮೇಲಿಟ್ಟು ನೋಡಿ. ಗಾಮಾ ಸ್ವಲ್ಪ ಅಲುಗಾಡುವುದು ಸಹಜ. ಪದರದ ಅಂಚೇ ಸರಿದಿದ್ದರೆ ಆಳದ ಲೆಕ್ಕ ತಪ್ಪಿದೆ. ಆ ಇಡೀ ಓಟವನ್ನು ಮತ್ತೆ ತೆಗೆಯಿರಿ.